ಲಾಭ, ಎರಡು, ಮೂರು

ಕಾಲಿಗೆ ತಣ್ಣಗೆ ಹತ್ತುತ್ತಿದೆ ಈ ನೆಲ, ಮೊಸಾಯಿಕ್ ಅಂತೆ, ಬಿಳಿ ಹಳದಿ ಕಪ್ಪು ಚುಕ್ಕಿ, ಕೋಸಂಬರಿ ಚೆಲ್ಲಿದ ಹಾಗೆ, ಇದರ ಮೇಲೆ ಕಸ ಬಿದ್ದರೂ ಕಾಣುವುದಿಲ್ಲ, ಕಳ್ಳ ನೆಲ, ಗುಡಿಸುವವಳು ಮನಸ್ಸು ಮಾಡಿದರೆ ಮೋಸ ಮಾಡಬಹುದು, ಈ ಮುನಿಲಕ್ಷ್ಮಮ್ಮ ಮಾಡುವವಳಲ್ಲ — ಕಾವಿ ನೆಲ ಹಾಗಲ್ಲ, ಒರೆಸಿದರೆ ಮುಖ ಕಾಣಬೇಕು, ನಾನು ಕೆಲಸಕ್ಕೆ ಹೋಗುವ ವಿಮಲಮ್ಮನವರ ಮನೆಯ ನಡುಮನೆಯಲ್ಲಿ ಎಷ್ಟು ಸಲ ನೋಡಿಕೊಂಡಿದ್ದೇನೋ ನನ್ನ ಮುಖವನ್ನು, ಮೂಗುಬೊಟ್ಟಿನ ಸಮೇತ. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ, ಗುಮಾಸ್ತರು ಗುಂಡಣ್ಣನವರು ನಕ್ಕರು, ಹಾಕ್ಕೊಂಡೇ ಬನ್ನಿ ಅಮ್ಮ, ಔಷಧಿ ಕಂಪನಿ ಆಫೀಸು ಇದು, ದೇವಸ್ಥಾನ ಅಲ್ಲ. ಗೊತ್ತು ಸ್ವಾಮಿ, ಆದರೆ ಆ ದೊಡ್ಡ ಹಾಲು ಇದೆಯಲ್ಲ, ಇನ್ನೂ ಸುಣ್ಣದ ವಾಸನೆ ಹೊಡೆಯುತ್ತಿದೆಯಲ್ಲ, ಅಲ್ಲೇ ಇದ್ದದ್ದು ನಮ್ಮ ಕಣ, ಯಡಿಯೂರಿನ ಬೋರಣ್ಣನ ಕಣ, ನಮ್ಮಪ್ಪ ರಾಗಿ ಅಳೆದ ಜಾಗ, ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಬಂದರೆ ನನ್ನ ಕಾಲೇ ನನ್ನನ್ನು ಬೈಯುತ್ತದೆ. ಇದನ್ನು ಅವರಿಗೆ ಹೇಳಲಿಲ್ಲ, ಹೇಳಿದರೆ ಪಾಪ ಅನ್ನುತ್ತಾರೆ, ನನಗೆ ಯಾರ ಪಾಪವೂ ಬೇಡ, ರೇಟು ಬೇಕು.

ರೇಟು — ಆ ಮಾತು ಬಾಯಿಗೆ ಹೊಸದು, ಬಿಸಿ ಮುದ್ದೆಯ ಹಾಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದೇನೆ ಬೆಳಗಿನಿಂದ. ಕೂಲಿ ಅನ್ನಬೇಡ ಕಣೇ, ರೇಟು ಅನ್ನು ಎಂದು ವಿಮಲಮ್ಮನವರೇ ಹೇಳಿಕೊಟ್ಟದ್ದು. ಅವರ ಮನೆಗೆ ಮೊದಲು ಹೋದಾಗ ಎಷ್ಟು ಕೊಡ್ಲಿ ಅಂದರೆ ನಿಮ್ಮಿಷ್ಟ ಅಮ್ಮ ಎಂದಿದ್ದೆ, ತಿಂಗಳಿಗೆ ಎಂಟು ರೂಪಾಯಿ, ರಾತ್ರಿಯ ಸಾರು, ಯುಗಾದಿಗೆ ಒಂದು ಹಳೆ ಸೀರೆ, ಅವರ ಇಷ್ಟ ಅಷ್ಟಿತ್ತು, ಕೆಟ್ಟವರೇನಲ್ಲ, ಇಷ್ಟ ಅವರದೇ ಅಂದಮೇಲೆ ಅವರಾದರೂ ಏನು ಮಾಡುತ್ತಾರೆ. ಈಗ ಅದೇ ವಿಮಲಮ್ಮ ತಮ್ಮ ಯಜಮಾನರ ಸ್ನೇಹಿತರು ಗೌರೀಶಂಕರ ಸಾಹೇಬರಿಗೆ ಹೇಳಿದ್ದಾರೆ, ಈ ಆಫೀಸಿಗೆ ಅವರೇ ಮ್ಯಾನೇಜರ್ರು, ಮುನಿಲಕ್ಷ್ಮಮ್ಮ ನಾಲ್ಕು ಹೆಂಗಸರ ಗುಂಪು ಕಟ್ಟಿದಾಳೆ, ಮನೆ ಆಫೀಸು ಎಲ್ಲ ಚೊಕ್ಕ ಮಾಡಿಕೊಡ್ತಾಳೆ ಎಂದು. ಸೊಣ್ಣಮ್ಮ, ಮಂಗಮ್ಮ, ಚಿಕ್ಕಲಸಂದ್ರದ ಗೌರಮ್ಮ, ನಾನು. ಕಸ ಗುಡಿಸೋಕೂ ಒಂದು ಕಂಪನಿಯಾ ಅಂತ ನಮ್ಮ ಯಜಮಾನ ಬೈರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ, ನಗಲಿ, ನಾಲ್ಕು ಹೊಸ ಬಕೆಟ್ಟು ಹೆಗಲ ಮೇಲೆ ಹೊತ್ತು ತಂದವನೂ ಅವನೇ. ಆದರೆ ಸೊಣ್ಣಮ್ಮ ನಗಲಿಲ್ಲ, ಬಸ್‌ಸ್ಟಾಪಿನವರೆಗೂ ಬಂದು ಕೈ ಹಿಡಿದಳು, ನೋಡಕ್ಕಾ, ಅಲ್ಲಿ ಹೋಗಿ ನಿಮ್ಮಿಷ್ಟ ಅಂದ್ಬುಟ್ಟೀಯ, ಆಮೇಲೆ ನಾವು ನಾಲ್ಕು ಜನಾನೂ ಅದೇ ತಂಗಳು ಸಾರಿಗೆ ವಾಪಸ್ಸು. ಅನ್ನುವುದಿಲ್ಲ ಕಣೇ ಎಂದೆ. ಎಂದೆ ಸರಿ, ನಾಲಿಗೆಯ ಮೇಲೆ ನನಗೇ ನಂಬಿಕೆ ಇಲ್ಲ, ಅದು ನಮ್ಮಪ್ಪನ ನಾಲಿಗೆ.

ಕಣದಲ್ಲಿ ನಮ್ಮಪ್ಪನನ್ನು ನೋಡಬೇಕಿತ್ತು, ರಾಶಿಯ ನೆತ್ತಿಗೆ ಸಗಣಿಯ ಪಿಳ್ಳಾರಿ ಗಣಪನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಯಾರೂ ಉಸಿರೆತ್ತಬಾರದು, ಮಂಡಿಯೂರಿ ಕೊಳಗ ತುಂಬಿ, ಮೇಲೆ ಗೋಪುರ ನಿಲ್ಲಿಸಿ ಎತ್ತಿ ಹಿಡಿದು — ಒಂದು ಅನ್ನುವ ಹಾಗಿಲ್ಲ, ಮೊದಲನೆಯ ಕೊಳಗಕ್ಕೆ ಲಾಭ ಎನ್ನಬೇಕು — ಲಾಭ ಎಂದು ಕೂಗಿದರೆ ಕೆರೆಯ ಏರಿಯವರೆಗೂ ಕೇಳುತ್ತಿತ್ತು. ಲಾಭ, ಎರಡು, ಮೂರು. ಅದೇ ಅಪ್ಪ, ಬಡಾವಣೆಗೆಂದು ನೆಲ ಅಳೆಯಲು ಅಧಿಕಾರಿ ಬಂದು, ನಿಮ್ಮ ಕಡೆ ಎಕರೆಗೆ ಏನು ಬೆಲೆ ನಡೀತಿದೆ ಹೇಳಿಪ್ಪಾ ಎಂದು ಮರ್ಯಾದೆಯಿಂದಲೇ ಕೇಳಿದಾಗ, ಹೆಗಲ ವಲ್ಲಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಮ್ಮ ಚಿತ್ತ ಸ್ವಾಮಿ ಅಂದುಬಿಟ್ಟ, ಅವರು ಬರೆದದ್ದೇ ಬೆಲೆ ಆಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ, ಅಪ್ಪನಿಗೆ ಬಾಯಿ ಇತ್ತು, ಅದು ಕಣದಲ್ಲಿ ಮಾತ್ರ ಇತ್ತು. ನನಗೆ ಸಿಟ್ಟು ಈಗಲೂ ಇದೆ, ಅಪ್ಪನ ಮೇಲಲ್ಲ, ಆ ತಮ್ಮ ಚಿತ್ತದ ಮೇಲೆ. ಅದಕ್ಕೇ ಇವತ್ತು ಗುಂಡಣ್ಣನವರ ಜೊತೆ ಕೋಣೆ ಕೋಣೆ ನೋಡುತ್ತಾ, ಬಾಗಿಲು ಬಾಗಿಲಿಗೂ ನಿಂತು ರೇಟು ಹೇಳಿಬಿಟ್ಟೆ, ಗಟ್ಟಿಯಾಗಿ, ತೊದಲದೆ. ದೊಡ್ಡ ಹಾಲಿನ ಹೊಸ್ತಿಲಲ್ಲಿ ನಿಂತಾಗ ಬಾಯಿ ತಾನಾಗಿಯೇ ಲಾಭ ಎಂದಿತು, ಇದಕ್ಕೆ ಮೂವತ್ತು ಎಂದೆ, ಎರಡು, ಇದಕ್ಕೆ ಹದಿನೈದು, ಮೂರು, ಹೀಗೆ ಬಚ್ಚಲು ಮೆಟ್ಟಿಲು ಸೇರಿ ತಿಂಗಳಿಗೆ ನೂರಾ ಹತ್ತು. ಎಲ್ಲ ಮನೆಯಲ್ಲೇ ಹುಣಸೆ ಬೀಜ ಗುಡ್ಡೆ ಹಾಕಿ ಲೆಕ್ಕ ಮಾಡಿದ್ದು, ಸೊಣ್ಣಮ್ಮನಿಗೊಂದು ಗುಡ್ಡೆ, ಮಂಗಮ್ಮನಿಗೊಂದು, ಗೌರಮ್ಮನಿಗೊಂದು, ಫಿನಾಯಿಲು ಪೊರಕೆ ಸೋಪಿಗೊಂದು. ಗುಂಡಣ್ಣನವರು ನಾನು ಹೇಳಿದ್ದನ್ನೇ ಗುನುಗುತ್ತಾ ಒಳಗೆ ಹೋಗಿ ಸಾಹೇಬರಿಗೆ ಒಪ್ಪಿಸುತ್ತಿದ್ದಾರೆ, ನಾನು ಬೆಂಚಿನ ಮೇಲೆ ನೇರವಾಗಿ ಕುಳಿತಿದ್ದೇನೆ, ಕೆಲಸ ಕೇಳಲು ಬಂದವಳ ಹಾಗಲ್ಲ, ಮದುವೆಗೆ ಬಂದ ಬೀಗಿತ್ತಿಯ ಹಾಗೆ.

ಕರೆದರು, ಒಳಗೆ ಬಂದಿದ್ದೇನೆ, ಫ್ಯಾನು ತಿರುಗುತ್ತಿದೆ, ಸಾಹೇಬರು ಕನ್ನಡಕ ಹಣೆಗೆ ಏರಿಸಿ ನಗುತ್ತಿದ್ದಾರೆ, ಕೂತ್ಕೊಳ್ಳಿ ಅಮ್ಮ ಅನ್ನುತ್ತಾರೆ, ಅಮ್ಮ, ನೀವು, ಕುರ್ಚಿ, ಕುಳಿತೆ. ಇಷ್ಟು ವರ್ಷ ಎಷ್ಟೋ ಜನ ನೋಡಿದೀನಿ ಕಣಮ್ಮ, ಎಲ್ಲರೂ ಲಾಭಾನ ಒಳಗೊಳಗೆ ಬಚ್ಚಿಡ್ತಾರೆ, ನೀವೊಬ್ಬರೇ ಮೊದಲನೇ ಮಾತಿಗೇ ಲಾಭ ಮೂವತ್ತು ಅಂದಿರೋದು, ಮಿಕ್ಕಿದ್ದೆಲ್ಲ ನ್ಯಾಯವಾಗಿದೆ, ಆ ಲಾಭ ಒಂದನ್ನ ಬಿಟ್ಟುಬಿಡಿ, ಎಂಬತ್ತಕ್ಕೆ ಇವತ್ತೇ ಕೆಲಸ ಒಪ್ಪಿಸ್ತೀನಿ. ನನಗೆ ಒಂದು ಗಳಿಗೆ ತಲೆಗೇ ಹೋಗಲಿಲ್ಲ, ಯಾವ ಲಾಭ, ನಾನು ಯಾವಾಗ — ಅಯ್ಯೋ ಶಿವನೇ, ದೊಡ್ಡ ಹಾಲು, ಗುಂಡಣ್ಣನವರು ಕಣವನ್ನೇ ತಂದು ಲಾಭ ಎಂದು ಒಪ್ಪಿಸಿದ್ದಾರೆ, ಇವರು ಅದನ್ನು ಬಿಡು ಅನ್ನುತ್ತಿದ್ದಾರೆ, ನಗು ಬಂತು, ನಗುವ ಮೊದಲೇ ಹುಣಸೆ ಬೀಜದ ಗುಡ್ಡೆಗಳು ಕಣ್ಣ ಮುಂದೆ ಬಂದವು, ಸೊಣ್ಣಮ್ಮನದು, ಮಂಗಮ್ಮನದು, ಗೌರಮ್ಮನದು, ಫಿನಾಯಿಲಿನದು, ನನ್ನದು ಎಲ್ಲಿ? ನನ್ನದು ಇಲ್ಲ. ಹೊಳೆ ದಾಟಿದ ಹತ್ತು ಜನ ತಮ್ಮನ್ನು ಬಿಟ್ಟು ಎಣಿಸಿ ಒಬ್ಬ ಮುಳುಗಿದ ಅಂತ ಅತ್ತರಂತೆ, ಹಾಗೆ ಪೊರಕೆಗೂ ಗುಡ್ಡೆ ಹಾಕಿದವಳು ನನಗೆ ಹಾಕಿಕೊಂಡಿಲ್ಲ, ಬಾಯಿ ತುಂಬ ಲಾಭ ಅಂದದ್ದೇ ಬಂತು, ಲಾಭ ಎಲ್ಲೂ ಇಲ್ಲ. ಏನಮ್ಮ, ಬಿಡ್ತೀರಾ? ನಾಲಿಗೆ ಏಳುತ್ತಿದೆ, ನಿ ಅನ್ನಲು ಮೇಲಕ್ಕೆ ಹೋಗುತ್ತಿದೆ, ನಿಮ್ಮ, ಕೈ ಸೆರಗು ಸುತ್ತಿಕೊಳ್ಳುತ್ತಿದೆ, ಅಪ್ಪನ ವಲ್ಲಿ, ಕಂಕುಳು, ತಮ್ಮ ಚಿತ್ತ — ಸೆರಗು ಬಿಟ್ಟೆ. ಸಾರ್, ನೀವು ಲಾಭ ಅಂದ್ಕೊಂಡಿದ್ದು ದೊಡ್ಡ ಹಾಲು, ನಮ್ಮಲ್ಲಿ ಮೊದಲನೇದನ್ನ ಹಂಗೇ ಎಣಿಸೋದು, ಅದನ್ನ ಬಿಟ್ಟರೆ ಹಾಲು ಕಸವಾಗೇ ಇರುತ್ತೆ. ಸಾಹೇಬರ ನಗು ನಿಂತಿತು, ಗುಂಡಣ್ಣನವರು ಕೆಮ್ಮಿದರು. ಓಹೋ, ಹಾಗಾದ್ರೆ ನಿಮ್ಮ ಲಾಭ ಎಲ್ಲಮ್ಮ? ಅದನ್ನ ಇನ್ನೂ ಹಾಕಿಲ್ಲ ಸಾರ್, ಈಗ ಹಾಕ್ತೀನಿ. ಮೂವತ್ತು. ಎಲ್ಲ ಸೇರಿ ನೂರಾ ನಲವತ್ತು. ನನ್ನ ದನಿಯೇ, ಹೌದು, ನನ್ನದೇ, ಹಾಲಿನವರೆಗೂ ಹೋಗಿ ಗೋಡೆಗೆ ಬಡಿದು ವಾಪಸು ಬಂತು. ಸಾಹೇಬರು ನನ್ನನ್ನೇ ನೋಡುತ್ತಿದ್ದಾರೆ, ಎಂಬತ್ತು ಕೇಳಿದವರಿಗೆ ನೂರಾ ನಲವತ್ತು ಹೇಳಿದ್ದೇನೆ, ಹೋಯಿತು, ಸೊಣ್ಣಮ್ಮನ ಮುಖ ಹೇಗೆ ನೋಡಲಿ, ಹೋದರೆ ಹೋಗಲಿ, ಹೇಳಿದೆನಲ್ಲ, ಬೋರಣ್ಣನ ಮಗಳು ಬೆಲೆ ಹೇಳಿದಳಲ್ಲ, ಬಾಯಿಬಿಟ್ಟು, ಇದೇ ನೆಲದ ಮೇಲೆ — ಕನ್ನಡಕ ಹಣೆಯಿಂದ ಕೆಳಗಿಳಿಯಿತು. ನೂರಾ ನಲವತ್ತು, ಸೋಮವಾರದಿಂದ ಬನ್ನಿ ಅಮ್ಮ. ಏನೆಂದರು, ಬನ್ನಿ ಎಂದರು, ಪೆನ್ನು ಓಡುತ್ತಿದೆ, ಕಾಲ ಕೆಳಗೆ ನೆಲ ತಣ್ಣಗಿದೆ, ಯಾರೂ ಉಸಿರೆತ್ತುತ್ತಿಲ್ಲ, ಅಪ್ಪ ಮಂಡಿಯೂರಿದ್ದಾನೆ, ಎತ್ತಿ ಹಿಡಿದಿದ್ದಾನೆ, ಗೋಪುರ ನಿಂತ ಕೊಳಗ, ಅಂಚಿನಿಂದ ಒಂದೊಂದೇ ಕಾಳು ಜಾರುತ್ತಿದೆ, ಲಾಭ, ತುಂಬಿದ ಕೊಳಗ, ಲಾಭ