ಮೂರನೇ ಕ್ಯಾಮೆರಾದ ಅಸಲು

ಕಣ್ಗಾವಲು ಕೋಣೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುವುದು. ಆದರೆ ಒಡಹುಟ್ಟಿದ ತಮ್ಮ ಒಬ್ಬನೇ. ಅವನು ಹತ್ತು ಮೈಲಿ ಆಚೆಯ ಔಷಧಿ ಉಗ್ರಾಣದ ಕಾವಲುಗಾರ. ಅವನು ಬಾಗಿಲು ಕಾಯುತ್ತಾನೆ, ಅಕ್ಕ ಇಲ್ಲಿ ಕೂತು ಪರದೆಯಲ್ಲಿ ಅವನನ್ನು ಕಾಯುತ್ತಾಳೆ.

ನಿನ್ನೆ ಮಧ್ಯಾಹ್ನ ಉಗ್ರಾಣದಿಂದ ಪೆಟ್ಟಿಗೆಗಳು ಮಾಯವಾಗಿದ್ದವು. ಗೊತ್ತಾಗಿದ್ದು ಇವತ್ತು ಬೆಳಗ್ಗೆ. ಬೀಗ ಮುರಿದಿಲ್ಲ, ಬೀಗದ ಕೈ ಇರುವುದು ತಮ್ಮನ ಹತ್ತಿರ. ಇನ್ನೇನು ಬೇಕು, ಎಲ್ಲರ ಕಣ್ಣೂ ಅವನ ಮೇಲೆ.

"ಮೂರನೇ ಕ್ಯಾಮೆರಾದ ವಿಡಿಯೋದಲ್ಲಿ ಅವನು ಕುರ್ಚಿ ಬಿಟ್ಟು ಏಳೋದೇ ಇಲ್ಲ, ಸರಿ," ಅಂದರು ಮ್ಯಾನೇಜರು. "ಆದ್ರೆ ಮುದ್ರೆ ಯಾಕೆ ಕೆಂಪಾಗಿದೆ?"

ಆಮೇಲೆ ಯಾರೂ ತಿದ್ದಿಲ್ಲ ಅನ್ನುವುದಕ್ಕೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಒಂದು ಮುದ್ರೆ ಒತ್ತಿ ಕಳಿಸುತ್ತದೆ. ಒಂದು ಚುಕ್ಕೆ ಬದಲಾದರೂ ಹಸಿರು ಹೋಗಿ ಕೆಂಪು. ಡಿಸ್ಕ್ ತುಂಬಿತೆಂದು ಅಕ್ಕ ನಿನ್ನೆ ಸಂಜೆ ಇಡೀ ದಿನದ ವಿಡಿಯೋವನ್ನು ಹಿಂಡಿ ಹಿಪ್ಪೆ ಮಾಡಿ ಚಿಕ್ಕದಾಗಿಸಿದ್ದಳು. ಹಾಗೆ ಮಾಡಿದರೆ ಮುದ್ರೆ ಒಡೆಯುತ್ತದೆ ಅಂತ ಗೊತ್ತಿದ್ದೂ, ಏನೂ ನಡೆಯದ ದಿನವನ್ನು ಯಾರು ಕೇಳುತ್ತಾರೆ ಅಂದುಕೊಂಡಿದ್ದಳು ಮಹಾತಾಯಿ!

"ಜಾಗ ಉಳಿಸೋಕೆ ಮಾಡಿದ್ದು, ಸಾರ್."

"ಜಾಗ ಉಳಿಸೋಕೋ, ತಮ್ಮನ್ನ ಉಳಿಸೋಕೋ?"

ಅವಳ ಮೈಯೆಲ್ಲ ಉರಿದುಹೋಯಿತು. "ಕ್ಯಾಮೆರಾದೊಳಗಿನ ಕಾರ್ಡಲ್ಲಿ ಅಸಲು ಮೂರು ದಿನ ಇರುತ್ತೆ. ತರಿಸಿ, ಎಲ್ಲರೆದುರೇ ನೋಡೋಣ!"

ಅರ್ಧ ಗಂಟೆಯಲ್ಲಿ ತಮ್ಮನ ಫೋನು. "ಅಕ್ಕಾ, ಕಾರ್ಡು ಗೀರ್ಡು ಯಾಕೆ? ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ, ಬಿಡು."

"ಸುಮ್ನಿರೋ, ನಾನಿದ್ದೀನಿ," ಅಂದಳು. ಪಾಪ, ಈ ಹೊತ್ತಲ್ಲೂ ನನ್ನದೇ ಚಿಂತೆ ಅವನಿಗೆ ಅಂತ ಕಣ್ಣು ತುಂಬಿಕೊಂಡಳು.

ಕಾರ್ಡು ಬಂತು. ಮುದ್ರೆ ಉದ್ದಕ್ಕೂ ಹಸಿರು. ತಮ್ಮ ಕುರ್ಚಿಯಲ್ಲೇ ಕೂತಿದ್ದಾನೆ, ಅಲ್ಲಾಡಿಲ್ಲ. ಮ್ಯಾನೇಜರ ಮುಖ ಸಡಿಲಾಯಿತು. "ತಪ್ಪು ತಿಳ್ಕೊಂಡೆ ಕಣಮ್ಮ. ಎಲ್ಲ ಸರಿಯಿದೆ ಅಂತ ಸಹಿ ಹಾಕು, ಮುಗಿಸೋಣ."

ಪೆನ್ನು ಎತ್ತಿಕೊಂಡ ಅಕ್ಕ ಹಾಗೇ ನಿಂತಳು. ಅವಳು ಹಿಂಡಿದ ವಿಡಿಯೋದಲ್ಲಿ ಕುರ್ಚಿಯ ಹಿಂದಿನ ನೆರಳು ಬರೀ ಮಸಿ. ಅಸಲಿನಲ್ಲಿ ಅಲ್ಲಿ ಬೀಗದ ಕೈ ಹಿಡಿದ ತಮ್ಮನ ಎಡಗೈ ಕಾಣುತ್ತಿತ್ತು. ಹಿಂದಿನ ಕಿಟಕಿಯ ಸರಳುಗಳ ನಡುವೆ ಬೇರೆ ಯಾರದೋ ಕೈ ಬಂತು, ಅದನ್ನು ತೆಗೆದುಕೊಂಡು ಹೋಯಿತು. ಮ್ಯಾನೇಜರು ತಮ್ಮನ ಮುಖವನ್ನಷ್ಟೇ ನೋಡುತ್ತಿದ್ದರು, ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಮೇಜಿನ ಮೇಲೆ ಫೋನು ರಿಂಗಾಯಿತು, ಮತ್ತೆ ತಮ್ಮನದೇ. ಅಕ್ಕ ಎತ್ತಲಿಲ್ಲ.

"ಸಾರ್," ಅಂದಳು ಪೆನ್ನು ಕೆಳಗಿಟ್ಟು, "ಸ್ವಲ್ಪ ಹಿಂದಕ್ಕೆ ಹೋಗೋಣ. ಅವನ ಎಡಗೈ ನೋಡಿ."