ಕಾರಿನಲ್ಲಿ ಸರ್ವೋತ್ತಮ ಹೇಳಿದ್ದು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನರ್ಸ್ ಸುಸನ್ ಸೂಜಿ ಚುಚ್ಚಿದಲ್ಲಿಂದ ಎಂದರೆ ನಾಯಕ ಎರಡನೇ ವಾಕ್ಯಕ್ಕೇ ನಿದ್ದೆ ಹೋಗುತ್ತಾನೆ. (ಓದುಗರಿಗಿಂತ ಮೊದಲು ನಾಯಕ ನಿದ್ದೆ ಹೋಗುವುದು ನನ್ನ ಕಥೆಗಳಲ್ಲೂ ಹೊಸದು.) ಆ ಡ್ರಾಫ್ಟ್ ಖಲಾಸ್.

೩
(ಎರಡನೇ ಭಾಗವನ್ನು ಡಿಲೀಟ್ ಮಾಡಿದೆ. ಅದರಲ್ಲಿ ಸೂರ್ಯಾಸ್ತ ಇತ್ತು.)
ಸರ್ವೋತ್ತಮ ಉಡುಪಿ ಕಡೆಯವನು, ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋಡೌನಿಗೆ ಮ್ಯಾನೇಜರ್. ಅಲ್ ಮುರಕ್ಕಬಾತ್‌ನ ಕ್ಲಿನಿಕ್ಕಿಗೆ ಕೊಲೊನೊಸ್ಕೋಪಿಗೆ, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ, ಹೋದ. ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ಒಬ್ಬನನ್ನೇ ಮನೆಗೆ ಕಳಿಸುವುದಿಲ್ಲ. ಆದರೆ ವಾರದ ನಡುವೆ ಇಲ್ಲಿ ಯಾರಿಗೆ ರಜೆ ಸಿಗುತ್ತದೆ? ಹೆಂಡತಿ ವಾರಿಜಾಕ್ಷಿಗೂ ಶಾಲೆಯಲ್ಲಿ ಪರೀಕ್ಷೆ ಡ್ಯೂಟಿ. ಎಲ್ಲರೂ ಹೇಳುವ ಸುಳ್ಳನ್ನೇ ಅವನೂ ಹೇಳಿದ: "ಫ್ರೆಂಡ್ ಪಾರ್ಕಿಂಗ್‌ನಲ್ಲಿದ್ದಾನೆ."

ಎಲ್ಲ ಮುಗಿದ ಮೇಲೆ ಸುಸನ್ ಬಿಡಲಿಲ್ಲ. ಫ್ರೆಂಡ್ ಎಲ್ಲಿ ಎಂದಳು. ಮಂಪರಿನಲ್ಲೇ ಕಣ್ಣು ಬಿಟ್ಟು ಕೂತಿದ್ದ ಸರ್ವೋತ್ತಮ ಒಂದು ನಂಬರನ್ನು ಬಾಯಿಪಾಠ ಒಪ್ಪಿಸಿದ. ಅದು ದುಬೈಯಲ್ಲೇ ಇರುವ ತಮ್ಮ ರಂಜಿತನದು. ಇಬ್ಬರಿಗೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಊರಲ್ಲಿ ಅಪ್ಪ ತೀರಿಕೊಂಡಾಗ ರಂಜಿತನ ಪಾಸ್‌ಪೋರ್ಟ್ ವೀಸಾ ಬದಲಾವಣೆಗೆ ಹೋಗಿತ್ತು. ಒಂದು ದಿನ ಕಾಯಿ ಎಂದು ಬೇಡಿಕೊಂಡಿದ್ದ. ಮೊದಲೇ ಊರು ಸೇರಿದ್ದ ಸರ್ವೋತ್ತಮ ಕಾಯದೆ ಕೊಳ್ಳಿ ಇಟ್ಟ.

೪
ಸುಸನ್ ಫೋನ್ ಮಾಡಿದಳು, ರಂಜಿತ ಬಂದು ಅಣ್ಣನನ್ನು ಕಾರಿನಲ್ಲಿ ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಸರ್ವೋತ್ತಮ ಮಾತಾಡಿದ, ಸ್ಪಷ್ಟವಾಗಿಯೇ. ಆ ಔಷಧಿ ಹಾಗೆ. ಬಾಯಿ ಮೊದಲು ಎಚ್ಚರವಾಗುತ್ತದೆ, ನೆನಪು ನಿಧಾನಕ್ಕೆ ಏಳುತ್ತದೆ. ಮರುದಿನ ಅವನಿಗೆ ಕಾರೂ ನೆನಪಿಲ್ಲ, ತಮ್ಮ ಬಂದದ್ದೂ ನೆನಪಿಲ್ಲ.

"ನಿನ್ನೆ ರಂಜಿತ ಅಲ್ವಾ ಕರ್ಕೊಂಡು ಬಂದದ್ದು," ಎಂದಳು ವಾರಿಜಾಕ್ಷಿ. "ನಾನು ಶಾಲೆಯಿಂದ ಬರುವಾಗ ಕಣ್ಣು ಒರೆಸಿಕೊಂಡೇ ಹೊರಟ. ಎಂತ ಹೇಳಿದ್ರಿ ಅವನಿಗೆ?"

೫
ಸರ್ವೋತ್ತಮ ನೇರ ನನ್ನ ಹತ್ತಿರ ಬಂದ.
"ನಾನು ಎಂತ ಹೇಳಿದ್ದು ಮಾರಾಯ್ರೆ? ಬರೆಯುವವರು ನೀವಲ್ವಾ?"
"ನಾನು ಕಾರಿನಲ್ಲಿರಲಿಲ್ಲ."
"ಹಾಗಾದ್ರೆ ನೆನಪುಂಟು ಅಂತ ಬರೀರಿ. ಒಂದು ಸಾಲು ಸಾಕು."
ಬರೆಯಲಿಲ್ಲ. ಅದು ಸುಳ್ಳು. (ಕಥೆಗಾರನಿಗೆ ಇದ್ದಕ್ಕಿದ್ದಂತೆ ಸುಳ್ಳಿನ ಬಗ್ಗೆ ಸಂಕೋಚ. ನಗಬೇಡಿ.)

೬
ಮುಕ್ತಾಯ ಅ: ಸರ್ವೋತ್ತಮ ಫೋನ್ ಮಾಡಿ ನಿಜ ಹೇಳುತ್ತಾನೆ. "ಓ, ಮದ್ದಿನ ಅಮಲಾ," ಎಂದು ರಂಜಿತ ಫೋನ್ ಇಡುತ್ತಾನೆ. ಸರ್ವೋತ್ತಮ ಇದು ಬೇಡವೆಂದ. ನನಗೂ ಹೆದರಿಕೆಯಾಯಿತು.

ಮುಕ್ತಾಯ ಆ: ನೆನಪಿದೆ ಎಂದು ಜೀವಮಾನವಿಡೀ ನಟಿಸುತ್ತಾನೆ. ಇದನ್ನು ಟೈಪ್ ಮಾಡುವಷ್ಟರಲ್ಲಿ ಸರ್ವೋತ್ತಮನ ಮನೆಯ ಬೆಲ್ ಆಯಿತು. (ಬೆಲ್ ನಾನು ಬರೆದದ್ದಲ್ಲ.)

ಬಾಗಿಲಲ್ಲಿ ರಂಜಿತ, ಅವನ ಮಗಳು ಭವ್ಯಶ್ರೀ.
"ಹಾಯ್ ದೊಡ್ಡಪ್ಪ, ಆರ್ ಯು ಓಕೆ ನೌ?"
ರಂಜಿತ ಸೋಫಾದಲ್ಲಿ ಕೂತ. (ಅಣ್ಣತಮ್ಮ ಮಾತಾಡುವುದು ತುಳುವಿನಲ್ಲಿ. ಕನ್ನಡ ನನ್ನದು.) "ಅಣ್ಣ, ಕಾರಲ್ಲಿ ಹೇಳಿದ್ದನ್ನು ಇವಳೆದುರು ಒಮ್ಮೆ ಹೇಳು. ನಾನು ಹೇಳಿದ್ರೆ ನಂಬುದಿಲ್ಲ."

ಸರ್ವೋತ್ತಮ ನನ್ನ ಕಡೆ ನೋಡಿದ. ನನ್ನ ಬಳಿ ಏನೂ ಇರಲಿಲ್ಲ. ಯಾವುದನ್ನು ಎಂದು ಕೇಳಿದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕೇಳಲಿಲ್ಲ. ತಮ್ಮನ ಕೈ ಹಿಡಿದುಕೊಂಡ.
"ನಾನು ಕಾಯಬೇಕಿತ್ತು," ಎಂದ.

ರಂಜಿತ ಮಗಳ ಕಡೆ ನೋಡಿ, ಮತ್ತೆ ಅಣ್ಣನ ಕಡೆ ತಿರುಗಿದ.
"ಕಾರಲ್ಲಿ ನೀನು ಹೇಳಿದ್ದು ಅದಲ್ಲ."

ಕೈ ಬಿಡಿಸಿಕೊಳ್ಳಲಿಲ್ಲ. ಇದನ್ನು ಮುಕ್ತಾಯ ಎಂದು ಕರೆಯಲಾರೆ, ರಂಜಿತ ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದಾನೆ.