ನೂರ ಹನ್ನೆರಡರ ಕಂಡಕ್ಟರ್

ನೂರ ಹನ್ನೆರಡನೇ ನಂಬರಿನ ಬಸ್ಸನ್ನು ನಾವು ಹೊಲವೊಂದರಿಂದ ಎಳೆದು ತಂದಾಗ ಅದರ ಮೇಲಂತಸ್ತಿನ ತುಂಬ ಕೋಳಿಗಳಿದ್ದವು. ಅಲ್ಲಿಂದ ಹನ್ನೊಂದು ವರ್ಷ, ಒಂದು ಶನಿವಾರವೂ ತಪ್ಪದಂತೆ, ನಾವು ಏಳು ಜನ ನಮ್ಮ ಊರಾದ ಕಾಲ್ಡರ್‌ಶಾದ ಹಳೆಯ ಉಣ್ಣೆ ಗೋದಾಮಿನಲ್ಲಿ, ಅದು ಮತ್ತೆ ಓಡುವಂತಾಗಲೆಂದು, ಅದರ ಸೇವೆ ಮಾಡಿದೆವು. ಬಸ್ಸು ಲೇಲ್ಯಾಂಡಿನದು. ಡ್ರೈವರಿಗೆ ಮುಂದೆ ಒಬ್ಬನೇ ಕೂರುವ ಗೂಡು, ಹಿಂದೆ ಬಾಗಿಲಿಲ್ಲದ ಮೆಟ್ಟಿಲಕಟ್ಟೆ.

ನಮ್ಮಂಥವರ ಹುಚ್ಚು ಹೊರಗಿನವರಿಗೆ ತಿಳಿಯುವುದಿಲ್ಲ. ಬಣ್ಣ, ಸೀಟು, ಗಾಜು ಇವೆಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಸದ್ದು. ನಿಂತಲ್ಲೇ ಗುಡುಗುಡಿಸುವ ಎಂಜಿನ್ನು, ಎರಡನೇ ಗೇರಿನಲ್ಲಿ ದಿಬ್ಬ ಹತ್ತುವಾಗಿನ ನರಳಾಟ, ಗೇರಿನಿಂದ ಗೇರಿಗೆ ಹೋಗುವಾಗ ಒಂದು ಉಸಿರಿನಷ್ಟು ಮೌನ. ಈಗಿನ ಬಸ್ಸುಗಳು ಫ್ರಿಜ್ಜಿನ ಹಾಗೆ ಗುಂಯ್‌ಗುಡುತ್ತವೆ, ಅಷ್ಟೆ. ನಮ್ಮ ಹಳೆ ಬಸ್ಸುಗಳ ಸಂಘದ ಅಧ್ಯಕ್ಷ ನೆವಿಲ್ ಕ್ರಾಬ್‌ಟ್ರೀ, ಭೂಗೋಳದ ಮೇಷ್ಟ್ರು, ತಾನು ಶಾಲೆಯಲ್ಲಿದ್ದಾಗಲೇ ಊರಿನ ಬಸ್ಸುಗಳ ಸದ್ದನ್ನು ಟೇಪಿನಲ್ಲಿ ಹಿಡಿದಿಟ್ಟವನು. ಚಹಾದ ಹೊತ್ತಿಗೆ ಆ ಟೇಪು ಹಾಕುತ್ತಿದ್ದ. ನಾವೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದೆವು.

ನನಗೆ ಇನ್ನೊಂದು ಕಾರಣವೂ ಇತ್ತು. ನೂರ ಹನ್ನೆರಡನ್ನು ಓಡಿಸುತ್ತಿದ್ದವರು ನನ್ನ ಅಪ್ಪ, ಹೊರೇಸ್ ಸಗ್ಡನ್. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ದನಿ ನನಗೆ ಮರೆತುಹೋಗಿದ್ದರೂ ಅವರು ಗೇರು ಬದಲಿಸುತ್ತಿದ್ದ ರೀತಿ ಮರೆತಿರಲಿಲ್ಲ.

ತೊಂಬತ್ತೊಂಬತ್ತರ ವಸಂತದಲ್ಲಿ ಬಸ್ಸು ಸಿದ್ಧವಾಯಿತು. ಆದರೆ ಶ್ರುತಿ ಕೂಡಲಿಲ್ಲ. ಅಂಗಳದಲ್ಲಿ ಸುತ್ತು ಹೊಡೆಸುವಾಗ ಮೂರನೇ ಗೇರಿಗೆ ಬಂದೊಡನೆ ಬೆಕ್ಕು ಗುರುಗುಟ್ಟಿದಂಥ ಒಂದು ಅಪಸ್ವರ ಏಳುತ್ತಿತ್ತು. ಎರಡು ಸಲ ಗೇರುಪೆಟ್ಟಿಗೆ ಬಿಚ್ಚಿ ಜೋಡಿಸಿದರೂ ಅದು ಹೋಗಲಿಲ್ಲ. ಜೂನ್ ತಿಂಗಳ ಹಳೆ ಬಸ್ಸುಗಳ ಮೇಳಕ್ಕೆ ಐದು ವಾರ ಉಳಿದಿತ್ತು.

ಆಗ ಬಂದವರು ಕ್ಲೈಡ್ ಆಲೀನ್. ಊರ ಪತ್ರಿಕೆಯಲ್ಲಿ ಬಸ್ಸಿನ ಫೋಟೋ ನೋಡಿ ಬಂದಿದ್ದರು. ಅರವತ್ತೊಂಬತ್ತು ವಯಸ್ಸಿನ ಕಪ್ಪು ಮನುಷ್ಯ, ಬಾರ್ಬಡೋಸಿನವರು. ಟೈ ಕಟ್ಟಿ, ಹ್ಯಾಟು ಕೈಯಲ್ಲಿ ಹಿಡಿದು ಗೋದಾಮಿನ ಬಾಗಿಲಲ್ಲಿ ನಿಂತಿದ್ದರು.

"ಹದಿನೈದು ವರ್ಷ ಈ ಊರಿನ ಬಸ್ಸಲ್ಲಿ ಕಂಡಕ್ಟರಾಗಿದ್ದೆ. ಇದ್ರಲ್ಲೇ ಏಳು ವರ್ಷ," ಎಂದರು. ಮೇಲೆ ನೋಡಿ, "ಕೋಳಿಗಳಿದ್ವಂತಲ್ಲ, ಟಿಕೆಟ್ ತಗೊಂಡಿದ್ವೋ ಇಲ್ವೋ?" ಎಂದು ನಕ್ಕರು.

ನೆವಿಲ್‌ಗೆ ಹಿಡಿಸಲಾರದಷ್ಟು ಸಂತೋಷ. "ಅಸಲಿ ಕಂಡಕ್ಟರ್ ಸಿಕ್ಬಿಟ್ರಲ್ಲಪ್ಪಾ!" ಎಂದು ಟಿಕೆಟ್ ಯಂತ್ರವನ್ನು ಅವರ ಕೊರಳಿಗೆ ತೂಗುಹಾಕಿಯೇ ಬಿಟ್ಟ, ಫೋಟೋ ತೆಗೆದ.

ಅಂದು ಮೊದಲ ಸಲ ಬಸ್ಸನ್ನು ಹ್ಯಾಲಿಫ್ಯಾಕ್ಸ್ ರಸ್ತೆಗೆ ಒಯ್ದೆವು. ಡ್ರೈವರ್ ನಾನು. ಕ್ಲೈಡ್ ಕೂರಲಿಲ್ಲ. ಹಿಂದೆ ಮೆಟ್ಟಿಲಕಟ್ಟೆಯ ಮೇಲೆ ಕಂಬ ಹಿಡಿದು, ತಲೆ ಬಗ್ಗಿಸಿ ನಿಂತೇ ಇದ್ದರು. ವಾಪಸು ಬಂದ ಮೇಲೆ ನೆವಿಲ್ ಕೇಳಿದ, "ಹೇಗಿದೆ ಯಜಮಾನ್ರೇ? ಆ ಹಾಳಾದ್ ಮೂರನೇ ಗೇರು ಬಿಟ್ರೆ?"

"ಗೇರಿಗೇನಾಗಿಲ್ಲ," ಎಂದರು ಕ್ಲೈಡ್. "ನೀವು ಗೋದಾಮಿನ ಅಂಗಳದಲ್ಲೇ ಸುತ್ತಾಡ್ತಿದ್ರಿ. ಅಲ್ಲಿ ಇಪ್ಪತ್ತು ಮೈಲಿ ವೇಗ ಬರೋದು ಮೂರರಲ್ಲಿ ಮಾತ್ರ, ಅದಕ್ಕೆ ಹಾಗನ್ನಿಸಿದೆ. ಇವತ್ತು ನಾಲ್ಕರಲ್ಲೂ ಬಂತು. ಇಪ್ಪತ್ತು ಮುಟ್ಟಿದಾಗೆಲ್ಲ ಬಂತು, ಅದೂ ನನ್ನ ಕಾಲಡಿಯಿಂದ. ಮುಂದೆ ಯಾಕೆ ಹುಡುಕ್ತೀರಿ? ಹಿಂದಿನ ಅಚ್ಚು ಬಿಚ್ಚಿ."

ನಮ್ಮಲ್ಲಿ ಇಬ್ಬರು ಎಂಜಿನಿಯರುಗಳಿದ್ದರು. ಇಬ್ಬರೂ ಮುಖಮುಖ ನೋಡಿಕೊಂಡರು. ಮರುವಾರ ಅಚ್ಚು ಬಿಚ್ಚಿದಾಗ ಒಳಗೊಂದು ಬೇರಿಂಗು ಸೊಟ್ಟಗೆ ಕೂತಿತ್ತು. ಕೂರಿಸಿದವರು ನಾವೇ. ಸರಿಮಾಡಿ ಓಡಿಸಿದಾಗ ನೂರ ಹನ್ನೆರಡು ನೆವಿಲ್‌ನ ಟೇಪಿನಲ್ಲಿದ್ದ ಹಾಗೆಯೇ ಹಾಡಿತು. ಕ್ಲೈಡ್ ಆಲೀನ್‌ಗೆ ನಾವು ನಿಂತು ಚಪ್ಪಾಳೆ ತಟ್ಟಿದೆವು.

ಅವತ್ತು ನಾನು ಅವರನ್ನು ನನ್ನ ಕಾರಿನಲ್ಲಿ ಮನೆಗೆ ಬಿಡಲು ಹೋದೆ. ದಾರಿಯಲ್ಲಿ ಅಪ್ಪನ ಬಗ್ಗೆ ಕೇಳಿದೆ. ಏನಾದರೂ ಒಳ್ಳೆಯ ಕಥೆ ಸಿಕ್ಕೀತೆಂಬ ಆಸೆ.

"ಹೊರೇಸ್ ಒಳ್ಳೆ ಡ್ರೈವರು," ಎಂದರು. "ನಿಂತಿರೋ ಮುದುಕಿ ಕೈಯಲ್ಲಿ ಮೊಟ್ಟೆ ಇದ್ರೂ ಒಡೀತಿರ್ಲಿಲ್ಲ. ನಾವಿಬ್ರೂ ಒಂದೇ ಫ್ಲಾಸ್ಕಿನಲ್ಲಿ ಟೀ ಕುಡೀತಿದ್ವಿ. ನನ್ನ ಮಗಳು ಇವೆಟ್‌ಳ ನಾಮಕರಣಕ್ಕೂ ಬಂದಿದ್ದ. ಬೆಳ್ಳಿ ಚಮಚ ಕೊಟ್ಟ."

"ನೀವ್ಯಾಕೆ ಡ್ರೈವರ್ ಆಗ್ಲಿಲ್ಲ?" ಎಂದು ಕೇಳಿದೆ. ಸುಮ್ಮನೆ ಬಾಯಿಗೆ ಬಂದ ಮಾತು.

ಅವರು ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿಲ್ವಾ? ಅರವತ್ತನೇ ಇಸವೀಲಿ ಡಿಪೋ ಕ್ಯಾಂಟೀನಲ್ಲಿ ಯೂನಿಯನ್ ಮೀಟಿಂಗ್ ಆಯ್ತು. ಕರಿಯರು ಕಂಡಕ್ಟರಾಗಿದ್ರೆ ಸಾಕು, ಸ್ಟಿಯರಿಂಗ್ ಕೊಡೋದು ಬೇಡ ಅಂತ ಠರಾವು. ಪಾಸಾಯ್ತು. ಆಮೇಲೆ ಅರವತ್ತೆಂಟರಲ್ಲಿ ಮೈಬಣ್ಣ ನೋಡಿ ಕೆಲಸ ತಪ್ಪಿಸ್ಬಾರ್ದು ಅಂತ ಕಾನೂನು ಬಂತಲ್ಲ, ಆಗ ಪರೀಕ್ಷೆಗೆ ಕೂತೆ. ಮೂರು ಸಲ ಫೇಲ್ ಮಾಡಿದ್ರು. ಒಂದ್ಸಲ ಕನ್ನಡಿ ನೋಡಲ್ಲ ಅಂದ್ರು, ಇನ್ನೊಂದ್ಸಲ ಕನ್ನಡೀನೇ ನೋಡ್ತಿರ್ತಾನೆ ಅಂದ್ರು. ಎಪ್ಪತ್ಮೂರರಲ್ಲಿ ಡ್ರೈವರೇ ಟಿಕೆಟ್ ಕೊಡ್ಲಿ, ಕಂಡಕ್ಟರುಗಳೇ ಬೇಡ ಅಂತಾಯ್ತು. ಮನೆಗೆ ಹೋದೆ."

"ಅಪ್ಪ ಏನ್ಮಾಡಿದ್ರು ಆಗ? ಮೀಟಿಂಗಲ್ಲಿ?"

"ಠರಾವು ತಂದವನೇ ಅವನು ಮಗಾ."

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ.

"ಮಾರನೇ ದಿನ?" ಎಂದೆ.

"ಮಾರನೇ ದಿನ ಏನು? ಬೆಳಿಗ್ಗೆ ಐದೂಕಾಲಿಗೆ ಡ್ಯೂಟಿ. ಅವನು ಮುಂದೆ ಕೂತ, ನಾನು ಹಿಂದೆ ನಿಂತು ಎರಡು ಸಲ ಗಂಟೆ ಹೊಡೆದೆ, ಹೊರಟ್ವಿ. ಮಾತಾಡೋಣ ಅಂದ್ರೆ ಮಧ್ಯೆ ಅವನ ಗೂಡಿನ ಗಾಜು ಬೇರೆ ಇತ್ತಲ್ಲ." ಮನೆ ಬಂದಾಗ ಅವರು ಇಳಿಯದೆ ಕೂತರು. "ಒಂದು ಕೇಳ್ತೀನಿ. ಮೇಳದ ದಿನ ಆ ಮೈದಾನದಲ್ಲಿ ಒಂದು ಸುತ್ತು ನಾನು ಓಡಿಸ್ಲಾ? ಜನ ಹತ್ತಿಸ್ಕೊಳ್ಳೋದು ಬೇಡ. ಬೆಳಿಗ್ಗೆ ಗೇಟು ತೆಗೆಯೋ ಮುಂಚೆ ಆದ್ರೂ ಸರಿ."

"ಖಂಡಿತ," ಎಂದೆ ನಾನು. ಅಷ್ಟು ಬೇಗ ಹೇಳಬಾರದಿತ್ತು.

ಗುರುವಾರ ಸಮಿತಿ ಸೇರಿತು. ನಾನು ಸಂಘದ ಕಾರ್ಯದರ್ಶಿ. ನಡಾವಳಿ ಬರೆಯುವವನು ನಾನೇ. ವಿಷಯ ಎತ್ತಿದೆ. ನೆವಿಲ್ ಕನ್ನಡಕ ತೆಗೆದು ಒರೆಸಿದ.

"ಕ್ಲೈಡ್ ಮೇಲೆ ನಂಗೆ ಎಷ್ಟು ಅಭಿಮಾನ ಅಂತ ನಿಮಗೆಲ್ಲ ಗೊತ್ತು. ಆದ್ರೆ ವಿಮೆಯವರಿಗೆ ಕೊಟ್ಟಿರೋ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಎಪ್ಪತ್ತು ಹತ್ರ ಹತ್ರ ಆಯ್ತು. ದೊಡ್ಡ ಗಾಡಿ ಮುಟ್ಟಿದವರಲ್ಲ. ಹನ್ನೊಂದು ವರ್ಷ ದುಡಿದಿದೀವಿ, ಒಂದು ಕಂಬಕ್ಕೆ ಗುದ್ದಿದ್ರೆ? ಅವರಿಗೆ ಕಂಡಕ್ಟರ್ ಸಮವಸ್ತ್ರ ಹೊಲಿಸಿದೀನಿ. ಅದೇ ಅವರ ಜಾಗ, ಜನಕ್ಕೆ ಬೇಕಾಗಿರೋದೂ ಅದೇ."

"ಪಟ್ಟಿಗೆ ಹೆಸರು ಸೇರಿಸ್ಬಹುದಲ್ಲ," ಎಂದ ಒಬ್ಬ.

"ಆಮೇಲೆ ಎಲ್ರೂ ಕೇಳ್ತಾರೆ," ಎಂದ ನೆವಿಲ್. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ನಡೆದದ್ದು ಅವನಿಗೆ ಗೊತ್ತೂ ಇರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಅದನ್ನು ಹೇಳಬೇಕಾದರೆ ಅಪ್ಪನ ಹೆಸರು ಹೇಳಬೇಕಿತ್ತು. ಸಂಘಕ್ಕೆ ನಾನೇ ಕೊಟ್ಟಿದ್ದ ಅಪ್ಪನ ಡ್ರೈವರ್ ಟೋಪಿ ಅದೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿತ್ತು.

ಮತಕ್ಕೆ ಹಾಕಿದರು. ಬೇಡವೆಂದು ನಾಲ್ಕು ಕೈ ಎದ್ದವು, ಬೇಕೆಂದು ಎರಡು. ನಾನು ಬರೆಯುತ್ತಿದ್ದೆ.

ಫೋನು ಮಾಡುವ ಕೆಲಸ ನನ್ನ ಪಾಲಿಗೇ ಬಂತು. ಕ್ಲೈಡ್ ಪೂರ್ತಿ ಕೇಳಿಸಿಕೊಂಡರು.

"ಎಷ್ಟು ಕೈ?"

"ನಾಲ್ಕು."

"ನಿಂದು?"

"ನಾನು... ನಡಾವಳಿ ಬರೀತಿದ್ದೆ."

"ನಿಮ್ಮಪ್ಪ ಕೈಯಾದ್ರೂ ಎತ್ತಿದ್ದ," ಎಂದು ಫೋನಿಟ್ಟರು.

ಮೇಳಕ್ಕೆ ಅವರು ಬರಲಿಲ್ಲ. ಸಮವಸ್ತ್ರವನ್ನು ಬೇರೊಬ್ಬ ಹಾಕಿಕೊಂಡ. ತೋಳು ಅವನಿಗೆ ಉದ್ದವಾಯಿತು. ನೂರ ಹನ್ನೆರಡಕ್ಕೆ ಮೊದಲ ಬಹುಮಾನ ಬಂತು. ಬಸ್ಸು ದಿಬ್ಬ ಹತ್ತುವಾಗ ಜನ ಟೇಪ್ ರೆಕಾರ್ಡರುಗಳನ್ನು ಕಿಟಕಿಯಾಚೆ ಚಾಚಿದ್ದರು. ಒಬ್ಬಾತ ಅಳುತ್ತಿದ್ದ. ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಕಿವಿಯಲ್ಲಿ ಇದ್ದದ್ದು ಎಂಜಿನ್ ಸದ್ದು. ಅಷ್ಟು ಬಿಟ್ಟು ಇನ್ನೇನೂ ಅನಿಸಲಿಲ್ಲ.

ಮಂಗಳವಾರ ಮಧ್ಯಾಹ್ನ ಯಾರಿಗೂ ಹೇಳದೆ ಗೋದಾಮು ತೆರೆದು ಬಸ್ಸನ್ನು ಹೊರತೆಗೆದೆ. ನೇರ ಕ್ಲೈಡ್ ಅವರ ಬೀದಿಗೆ ಹೋದೆ. ಎರಡೂ ಕಡೆ ಕಾರುಗಳು ನಿಂತ ಇಕ್ಕಟ್ಟಿನ ಬೀದಿ, ಕೊನೆಗೆ ಗೋಡೆ. ಅವರ ಮನೆ ಮುಂದೆ ನಿಲ್ಲಿಸಿ ಎಂಜಿನ್ ಆರಿಸದೆ ಇಳಿದೆ. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಕ್ಲೈಡ್ ಚಪ್ಪಲಿಯಲ್ಲೇ ಹೊರಗೆ ಬಂದರು.

"ಹತ್ತಿ," ಎಂದೆ. "ಎಲ್ಲಿಗೆ ಬೇಕಾದ್ರೂ ಓಡಿಸಿ. ನೆವಿಲ್ ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ಅವರು ಬಸ್ಸನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಅವತ್ತು ಕೇಳಿದ್ದು ನಾನು. ಇವತ್ತು ಕೇಳ್ತಿರೋದು ನೀನು. ನಿನ್ನ ಮನಸ್ಸು ಹಗುರಾಗ್ಲಿ ಅಂತ ನಾನು ಹತ್ತಬೇಕಾ?"

"ಹಾಗಲ್ಲ..."

"ಹಾಗೇನೇ. ಕದ್ದ ಬಸ್ಸಲ್ಲಿ ಕರಿಯ ಮುದುಕ ಕೂತಿದ್ರೆ ಪೊಲೀಸು ಯಾರನ್ನ ಕೇಳ್ತಾರೆ? ನಿನ್ನನ್ನಾ? ತಗೊಂಡ್ಹೋಗು. ಪಕ್ಕದ್ಮನೆ ಮಗು ಮಲಗಿದೆ."

ನಾನು ಮತ್ತೆ ಹತ್ತಿ ಕೂತೆ. ಹಿಂದಕ್ಕೆ ಹೋಗದೆ ಬೇರೆ ದಾರಿಯಿರಲಿಲ್ಲ; ಹಿಂದೆ ಏನೂ ಕಾಣುತ್ತಿರಲಿಲ್ಲ. ಒಂದು ಗಜ ಸರಿದೆನೋ ಇಲ್ಲವೋ, ಯಾರದೋ ಕಾರಿನ ಕನ್ನಡಿ ಮುರಿಯಿತು. ಆಗ ಕ್ಲೈಡ್ ನಿಟ್ಟುಸಿರು ಬಿಟ್ಟು ಬೀದಿಯ ನಡುವಿಗೆ ಬಂದರು. ಬಸ್ಸಿನ ಹಿಂದೆ ನಿಂತು, ತಗಡಿನ ಮೇಲೆ ಅಂಗೈಯಿಂದ ತಟ್ಟುತ್ತ, "ಬಾ, ಬಾ, ಎಡಕ್ಕೆ... ಸಾಕು ಅಂದ್ನಲ್ಲ! ಈಗ ಬಾ," ಎನ್ನುತ್ತ ಮುಖ್ಯರಸ್ತೆಯವರೆಗೂ ಕರೆತಂದರು. ನಾನು ಕೈ ಬೀಸಿದೆ. ಅವರು ಆಗಲೇ ಬೆನ್ನು ತಿರುಗಿಸಿ ನಡೆಯುತ್ತಿದ್ದರು.

ನೆವಿಲ್ ನನ್ನ ಹೆಸರನ್ನು ಡ್ರೈವರುಗಳ ಪಟ್ಟಿಯಿಂದ ತೆಗೆದ. ನಾನೂ ವಾದಿಸಲಿಲ್ಲ. ಶನಿವಾರಗಳಂದು ಈಗ ಮನೆಯಲ್ಲೇ ಇರುತ್ತೇನೆ. ಕೆಲವೊಮ್ಮೆ ದಿಬ್ಬದ ಕಡೆಯಿಂದ ಅದು ಹತ್ತುವ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತೇನೆ. ಅಪ್ಪನ ಟೋಪಿಯನ್ನು ವಾಪಸು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಎರಡು ಚಳಿಗಾಲ ಕಳೆದು ಕ್ಲೈಡ್ ತೀರಿಕೊಂಡರು. ಸುದ್ದಿ ಕೇಳಿ ನೆವಿಲ್, ಕ್ಲೈಡ್ ಅವರ ಮಗಳು ಇವೆಟ್‌ಗೆ ಫೋನು ಮಾಡಿ, ಶವಯಾತ್ರೆಗೆ ನೂರ ಹನ್ನೆರಡನ್ನೇ ಕಳಿಸುತ್ತೇವೆ, ಹೂವು ಕಟ್ಟಿ, ಎಂದನಂತೆ. ಅವಳು ಬೇಡವೆಂದಳಂತೆ. "ಎಷ್ಟು ಪ್ರೀತಿಯಿಂದ ಕೇಳ್ದೆ ಗೊತ್ತಾ?" ಎಂದು ಅವನು ಚರ್ಚಿನ ಮೆಟ್ಟಿಲ ಮೇಲೆ ನನ್ನ ಹತ್ತಿರ ಹೇಳಿಕೊಂಡ. ನಿಜವಾಗಿಯೂ ನೊಂದಿದ್ದ.

ಪ್ರಾರ್ಥನೆ ಮುಗಿದ ಮೇಲೆ ಇವೆಟ್ ಎಲ್ಲರಿಗೂ ರಮ್ ಹಾಕಿದ ಕೇಕು ಕೊಟ್ಟಳು. ನನ್ನ ಹೆಸರು ಕೇಳಿ ಒಂದು ಕ್ಷಣ ತಟ್ಟೆ ಹಿಡಿದೇ ನಿಂತಳು.

"ನೀವೇನಾ ಬಸ್ ತಂದಿದ್ದವ್ರು?"

"ಹೌದು. ಅವರು ಓಡಿಸ್ಲಿ ಅಂತ ತಂದಿದ್ದೆ. ಅವರಿಗೆ ದೊಡ್ಡ ಗಾಡಿ ಅಭ್ಯಾಸ ಇಲ್ಲ ಅಂತ ನಮ್ಮವರು..."

"ಅಭ್ಯಾಸ ಇಲ್ವಾ?" ಅವಳಿಗೆ ನಗು ಬಂತು, ಚೆನ್ನಾಗಿರದ ನಗು. "ಬಸ್ಸಿನವರು ತೆಗೆದುಹಾಕಿದ ಮೇಲೆ ಅಪ್ಪ ಬಿಸ್ಕತ್ ಕಾರ್ಖಾನೆ ಸೇರಿದ್ರು. ಇಪ್ಪತ್ತು ವರ್ಷ ಲಾರಿ ಓಡಿಸಿದ್ರು. ಸ್ಕಾಟ್ಲೆಂಡ್‌ವರೆಗೂ ಹೋಗ್ತಿದ್ರು. ಒಂದು ಗೀರು ಇಲ್ಲ. ಅಲ್ಲಿ ಮೊದಲ್ನೇ ಸಲಕ್ಕೇ ಪರೀಕ್ಷೆ ಪಾಸು. ನೀವ್ಯಾರೂ ಕೇಳ್ಲೇ ಇಲ್ವಾ?"

ಪಕ್ಕದಲ್ಲಿದ್ದ ನೆವಿಲ್ ಕೇಕನ್ನು ಅಗಿಯುವುದು ನಿಲ್ಲಿಸಿದ.

"ಇಲ್ಲ," ಎಂದೆ. "ಯಾರೂ ಕೇಳ್ಲಿಲ್ಲ."

ಅವಳು ತಟ್ಟೆಯನ್ನು ಮುಂದಿನವರ ಕಡೆಗೆ ಚಾಚಿದಳು.